ಮತಕಲಹವೂ ರಾಜಧರ್ಮವೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ನಡೆದ ಉಪನ್ಯಾಸ)



ಕಾಯುವವನು ದಂಡವನ್ನು ಕೆಳಗಿಟ್ಟರೆ ಹಿರಿಯ ಮೀನು ಕಿರಿಯ ಮೀನನ್ನು ನುಂಗುವಂತೆ ಬಲ್ಲಿದನು ದುರ್ಬಲನನ್ನು ನುಂಗುವನೆಂದು ಪ್ರಾಚೀನ ನೀತಿಕಾರರು ಎಚ್ಚರಿಸಿರುವರು. ಇದನ್ನೇ ಅವರು ಮತ್ಸ್ಯನ್ಯಾಯವೆಂದು ಕರೆದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಈ ವಿಚಾರವು ಬಂದಿರುವುದು. ಅರಸರು ಹೋಗಿ ಪ್ರಜಾಸರಕಾರವು ಬಂದರೂ ಈ ಧರ್ಮವು ಅಳಿಯಲಿಲ್ಲ. ಎರಡು ಮತದವರಲ್ಲಿ ಕಲಹವು ಹುಟ್ಟಿದಾಗ ಸರಕಾರದ ಹೊಣೆಯು ಮೂರು ಬಗೆಯದು: ಕಿಚ್ಚು ಹತ್ತುವ ಮೊದಲು ತಡೆಯುವುದು ಒಂದು, ಹತ್ತಿದಾಗ ಪ್ರಾಣಮಾನಗಳನ್ನು ಕಾಯುವುದು ಎರಡು, ಆರಿದ ತರುವಾಯ ಅಪರಾಧಿಗೆ ಶಿಕ್ಷೆಯನ್ನೂ ನೊಂದವನಿಗೆ ಪರಿಹಾರವನ್ನೂ ಕೊಡುವುದು ಮೂರು. ಆಗ ಒರಿಸ್ಸಾ ಎನಿಸಿಕೊಂಡಿದ್ದ ಒಡಿಶಾ ರಾಜ್ಯದ ಕಂಧಮಾಲ್ ಜಿಲ್ಲೆಯಲ್ಲಿ 2007 ಮತ್ತು 2008ನೆಯ ಇಸವಿಗಳಲ್ಲಿ ನಡೆದ ಸಂಗತಿಗಳನ್ನು ಈ ಮೂರು ಒರೆಗಳಿಗೆ ಹಚ್ಚಿ ನೋಡುವುದು ಉಚಿತವು.

ಕಂಧಮಾಲ್ ಬೆಟ್ಟಗಾಡಿನ ಸೀಮೆ. ಅಲ್ಲಿ ಕಂಧರೆಂಬ ಗಿರಿಜನರೂ ಪಾಣರೆಂಬ ದಲಿತ ಜಾತಿಯವರೂ ತಲತಲಾಂತರದಿಂದ ನೆರೆಹೊರೆಯಾಗಿ ಬಾಳಿದವರು. ಪಾಣರಲ್ಲಿ ಬಹುಜನರು ಕ್ರಿಸ್ತಮತವನ್ನು ಸ್ವೀಕರಿಸಿದ್ದರು. ಕಂಧರಲ್ಲಿಯೂ ಕ್ರಿಸ್ತಮತೀಯರು ಇದ್ದರು. ಆದರೆ ಜಗಳದ ಬೇರು ಮತವೊಂದರಲ್ಲಿಯೇ ಇರಲಿಲ್ಲ. 1950ನೆಯ ಇಸವಿಯ ಪರಿಶಿಷ್ಟ ಜಾತಿಗಳ ಆಜ್ಞೆಯ ಮೇರೆಗೆ ದಲಿತನು ಕ್ರಿಸ್ತಮತವನ್ನು ಸೇರಿದೊಡನೆ ಪರಿಶಿಷ್ಟ ಜಾತಿಯ ಸೌಲಭ್ಯಗಳಿಗೆ ಎರವಾಗುವನು. ಗಿರಿಜನನಿಗೆ ಈ ಕಟ್ಟಿಲ್ಲ. ಆದುದರಿಂದ ಪಾಣರು ತಾವೂ ಕುಯಿ ಭಾಷೆಯನ್ನಾಡುವವರಾದ ಕಾರಣ ತಮ್ಮನ್ನು ಪರಿಶಿಷ್ಟ ಪಂಗಡದಲ್ಲಿ ಎಣಿಸಬೇಕೆಂದು ಕೇಳಿದರು. ಇದರಿಂದ ತಮ್ಮ ಭೂಮಿಯೂ ಉದ್ಯೋಗಗಳೂ ಕೈಬಿಡುವುವೆಂದು ಕಂಧರು ಹೆದರಿದರು. ಹೊಲದ ಜಗಳವು ಹೀಗೆ ದೇವರ ಜಗಳದ ವೇಷವನ್ನು ಧರಿಸಿತು. ಭೂಮಿಯ ತಕರಾರುಗಳನ್ನು ಕಾಲದಲ್ಲಿ ತೀರಿಸಿ, ಮೀಸಲಾತಿಯ ಬೇಡಿಕೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದ್ದರೆ ಕಿಚ್ಚಿಗೆ ಅರ್ಧದಷ್ಟು ಸೌದೆಯು ಕಡಿಮೆಯಾಗುತ್ತಿತ್ತು.

2007ನೆಯ ಇಸವಿಯ ಡಿಸೆಂಬರದಲ್ಲಿ, ಕ್ರಿಸ್ತಜಯಂತಿಯ ಹೊತ್ತಿನಲ್ಲಿಯೇ, ಮೊದಲನೆಯ ದೊಂಬಿಯು ಎದ್ದಿತು. ಬ್ರಾಹ್ಮಣಿಗಾಂವ್ ಮೊದಲಾದ ಕಡೆಗಳಲ್ಲಿ ಅನೇಕ ಚರ್ಚುಗಳೂ ಕ್ರಿಸ್ತಮತೀಯರ ಮನೆಗಳೂ ಸುಡಲ್ಪಟ್ಟವು. ಕೆಲವು ಹಿಂದೂಗಳ ಮನೆಗಳೂ ಸುಡಲ್ಪಟ್ಟವು. ಅದೇ ಕಾಲದಲ್ಲಿ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರ ಮೇಲೂ ಹಲ್ಲೆಯು ನಡೆಯಿತು. ಅವರು 1960ರ ದಶಕದ ಕೊನೆಯಿಂದ ಆ ಸೀಮೆಯಲ್ಲಿ ನೆಲೆಸಿ, ಚಕಾಪಾದದಲ್ಲಿ ಸಂಸ್ಕೃತ ಪಾಠಶಾಲೆಯನ್ನೂ ಜಲೇಶಪಟ್ಟದಲ್ಲಿ ಬಾಲಿಕೆಯರ ಆಶ್ರಮವನ್ನೂ ನಡೆಯಿಸುತ್ತ, ಮತಾಂತರವನ್ನೂ ಗೋವಧೆಯನ್ನೂ ಬಲವಾಗಿ ವಿರೋಧಿಸುತ್ತಿದ್ದವರು. ಇಷ್ಟಾದ ಮೇಲೆ ಅಪಾಯವು ಯಾರಿಗೂ ಅಗೋಚರವಾಗಿರಲಿಲ್ಲ.

2008ನೆಯ ಇಸವಿಯ ಆಗಸ್ಟ್ 23ರಂದು, ಜನ್ಮಾಷ್ಟಮಿಯ ರಾತ್ರಿ, ಶಸ್ತ್ರಧಾರಿಗಳು ಜಲೇಶಪಟ್ಟದ ಆಶ್ರಮಕ್ಕೆ ನುಗ್ಗಿ ಸ್ವಾಮಿಗಳನ್ನೂ ಅವರೊಡನಿದ್ದ ನಾಲ್ವರನ್ನೂ ಕೊಂದರು. ವಿದ್ಯಾರ್ಥಿನಿಯರಿದ್ದ ಆಶ್ರಮದೊಳಗೆ ವೃದ್ಧ ಸಂನ್ಯಾಸಿಯ ರಕ್ತವು ಹರಿಯಿತೆಂದರೆ ಮಠದ ಭಕ್ತನಾದವನ ಹೃದಯವು ಉರಿಯುವುದು ಸಹಜವು, ನ್ಯಾಯವೂ ಹೌದು. ಆದರೆ ಆ ಉರಿಯು ಯಾರ ಮನೆಯ ಮಾಡಿಗೆ ಹತ್ತಬೇಕೆಂಬುದೇ ಪ್ರಶ್ನೆ. ಈ ಕೊಲೆಯನ್ನು ತಾವೇ ಮಾಡಿದೆವೆಂದು ಮಾವೋವಾದಿಗಳ ಮುಖಂಡನು ಆ ವರ್ಷದ ಅಕ್ಟೋಬರದಲ್ಲಿ ಹೇಳಿದನು. 2013ರಲ್ಲಿ ಕೆಳಗಿನ ನ್ಯಾಯಾಲಯವು ಕ್ರಿಸ್ತಮತೀಯರಾದ ಏಳುಮಂದಿಗೂ ಮಾವೋವಾದಿಯೊಬ್ಬನಿಗೂ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಆ ಏಳುಮಂದಿಗೆ 2019ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಕೊಂದವನು ಯಾರೆಂದು ತೂಗಿನೋಡಲು ನ್ಯಾಯಪೀಠಗಳಿಗೆ ಇಷ್ಟು ವರ್ಷಗಳು ಹಿಡಿದಿರಲು, ದೊಂಬಿಗೆ ಅದನ್ನು ತೀರ್ಮಾನಿಸಲು ಒಂದು ರಾತ್ರಿಯೂ ಬೇಕಾಗಲಿಲ್ಲ.

ಸ್ವಾಮಿಗಳ ಪಾರ್ಥಿವ ಶರೀರವನ್ನು ಮರುದಿನ ಅನೇಕ ಊರುಗಳ ಮೂಲಕ ಮೆರವಣಿಗೆಯಲ್ಲಿ ಚಕಾಪಾದಕ್ಕೆ ಒಯ್ದರು. ಶೋಕವು ಕ್ರೋಧವಾಗಿ ಮಾರ್ಪಡುವುದೆಂದು ತಿಳಿದಿದ್ದೂ ಸರಕಾರವು ಅದನ್ನು ತಡೆಯಲಿಲ್ಲ, ಸಾಕಷ್ಟು ಬಂದೋಬಸ್ತನ್ನೂ ಮಾಡಲಿಲ್ಲ. ಮುಂದೆ ವಾರಗಟ್ಟಲೆ ಹಳ್ಳಿಗಳು ಉರಿದವು. ಸರಕಾರದ ಲೆಕ್ಕದಂತೆಯೇ ಸುಮಾರು 40 ಮಂದಿ ಸತ್ತರು. ಕ್ರೈಸ್ತ ಸಂಘಗಳ ಲೆಕ್ಕವು ಇದಕ್ಕಿಂತ ಬಹಳ ಹೆಚ್ಚಿನದು. ಸಾವಿರಾರು ಮನೆಗಳು ನಾಶವಾದವು. 20,000ಕ್ಕೂ ಹೆಚ್ಚು ಜನರು ಪರಿಹಾರಶಿಬಿರಗಳನ್ನು ಸೇರಿದರು, ಎಷ್ಟೋ ಜನರು ಕಾಡುಪಾಲಾದರು. ಆಗಸ್ಟ್ 25ರಂದು ಕ್ರೈಸ್ತ ಸಂನ್ಯಾಸಿನಿಯೊಬ್ಬಳ ಮಾನಭಂಗವಾಯಿತು; ಆ ವೇಳೆಯಲ್ಲಿ ಪೋಲೀಸರು ಸಮೀಪದಲ್ಲಿದ್ದೂ ನೆರವಾಗಲಿಲ್ಲವೆಂದು ಆಕೆಯೇ ಬಹಿರಂಗವಾಗಿ ಹೇಳಿದಳು. ಅದೇ ದಿನ ಬರಗಢ ಜಿಲ್ಲೆಯಲ್ಲಿ ಕ್ರೈಸ್ತರು ನಡೆಯಿಸುತ್ತಿದ್ದ ಅನಾಥಾಲಯಕ್ಕೆ ಕಿಚ್ಚಿಟ್ಟಾಗ ಒಳಗೆ ಸುಟ್ಟು ಸತ್ತ ತರುಣಿಯು ಹಿಂದೂ ಮತದವಳೇ. ಬೆಂಕಿಯು ಮತವನ್ನು ಕೇಳಿ ಸುಡುವುದಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸರಕಾರವು ಮೊದಲು ಸೋತುದು ಹಿಂದೂ ಸಂನ್ಯಾಸಿಯ ರಕ್ಷಣೆಯಲ್ಲಿ. ಎರಡನೆಯ ಸಲ ಸೋತುದು ಕ್ರಿಸ್ತಮತೀಯರ ರಕ್ಷಣೆಯಲ್ಲಿ. ಸತ್ತವರ ಮತಗಳು ಬೇರೆಯಾದರೂ ತಪ್ಪು ಒಂದೇ. ಆಶ್ರಮದ ಬಾಗಿಲನ್ನು ಕಾಯಲಾರದ ಆಳಿಕೆಯು ಚರ್ಚಿನ ಬಾಗಿಲನ್ನೂ ಕಾಯಲಾರದು. ಆದುದರಿಂದ ಸ್ವಾಮಿಗಳಿಗಾಗಿ ಮರುಗುವವನು ಹಳ್ಳಿಯ ಕ್ರೈಸ್ತನ ಪರವಾಗಿಯೂ, ಕ್ರೈಸ್ತನಿಗಾಗಿ ಮರುಗುವವನು ಸ್ವಾಮಿಗಳ ಪರವಾಗಿಯೂ ನ್ಯಾಯವನ್ನು ಕೇಳಬೇಕು. ಒಂದನ್ನು ಕೇಳಿ ಇನ್ನೊಂದನ್ನು ಮರೆಯುವವನು ಪಕ್ಷಪಾತವನ್ನು ಕೇಳಿದಂತಾಗುವುದೇ ಹೊರತು ನ್ಯಾಯವನ್ನಲ್ಲ.

ಹೊಣೆಯು ಯಾವ ಸರಕಾರದ್ದೆಂದು ಕೆಲವರು ಕೇಳುವರು. ಸಂವಿಧಾನದ ಏಳನೆಯ ಅನುಸೂಚಿಯಂತೆ ಸಾರ್ವಜನಿಕ ಶಾಂತಿಯೂ ಪೋಲೀಸು ಇಲಾಖೆಯೂ ರಾಜ್ಯಗಳ ಅಧೀನವು. ಆಂತರಿಕ ಕ್ಷೋಭೆಯಿಂದ ರಾಜ್ಯಗಳನ್ನು ಕಾಯುವುದು 355ನೆಯ ಅನುಚ್ಛೇದದಂತೆ ಕೇಂದ್ರದ ಕರ್ತವ್ಯವು. ಆದುದರಿಂದ ರಾಜ್ಯವು ಕೇಂದ್ರದ ಕಡೆಗೂ ಕೇಂದ್ರವು ರಾಜ್ಯದ ಕಡೆಗೂ ಬೆರಳು ತೋರಿಸುವುದಕ್ಕೆ ಎಡೆಯಿಲ್ಲ.

ಮೂರನೆಯ ಹೊಣೆಯ ಮಾತನ್ನು ಸರ್ವೋಚ್ಚ ನ್ಯಾಯಾಲಯದ ಲೆಕ್ಕದಿಂದಲೇ ತಿಳಿಯಬಹುದು. 2016ರ ಆಗಸ್ಟ್ 2ರ ತೀರ್ಪಿನಂತೆ ದಾಖಲಾದ ಮೊಕದ್ದಮೆಗಳು 827. ಅವುಗಳಲ್ಲಿ ಆರೋಪಪಟ್ಟಿಯು ಸಲ್ಲಿಸಲ್ಪಟ್ಟವು 512. ಉಳಿದ 315ರಲ್ಲಿ ಅಪರಾಧವು ಕಾಣಲಿಲ್ಲವೆಂದೋ ಅಪರಾಧಿಗಳು ಸಿಕ್ಕಲಿಲ್ಲವೆಂದೋ ಪೋಲೀಸರು ಕಡತವನ್ನು ಮುಚ್ಚಿದರು. ವಿಚಾರಣೆಯು ಮುಗಿದ 362ರಲ್ಲಿ ಶಿಕ್ಷೆಯಾದುದು ಕೇವಲ 78ರಲ್ಲಿ. ಮುಚ್ಚಿದ 315 ಮೊಕದ್ದಮೆಗಳನ್ನು ಪುನಃ ಪರಿಶೀಲಿಸಬೇಕೆಂದೂ, ಮೃತರ ಕುಟುಂಬಗಳಿಗೆ ಹೆಚ್ಚಿನ ಪರಿಹಾರವಾಗಿ ತಲಾ 3 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದೂ ನ್ಯಾಯಾಲಯವು ಅಪ್ಪಣೆ ಮಾಡಿತು. ಎಂಟು ವರ್ಷಗಳ ಮೇಲೆ, ಮೇಲಿನ ನ್ಯಾಯಪೀಠವು ಹೇಳಿದ ತರುವಾಯ ದೊರೆಯುವ ನ್ಯಾಯವು ಬಡವನ ಪಾಲಿಗೆ ಎಷ್ಟರದೆಂಬುದನ್ನು ಸಭಿಕರೇ ಊಹಿಸಬಹುದು.

ಆಮಿಷವನ್ನೊಡ್ಡಿ ಮತಾಂತರ ಮಾಡುವವರನ್ನು ಸುಮ್ಮನೆ ಬಿಡಬೇಕೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ತಳ್ಳಿಹಾಕತಕ್ಕದ್ದಲ್ಲ. ಬಲಾತ್ಕಾರದಿಂದಲೂ ಆಮಿಷದಿಂದಲೂ ಮಾಡುವ ಮತಾಂತರವನ್ನು ನಿಷೇಧಿಸುವ ಕಾನೂನು ಒಡಿಶಾದಲ್ಲಿ 1967ರಲ್ಲಿಯೇ ಬಂದಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದು, ಮತಪ್ರಸಾರದ ಹಕ್ಕು ಅನ್ಯರನ್ನು ಮತಾಂತರಗೊಳಿಸುವ ಹಕ್ಕಲ್ಲವೆಂದು ಹೇಳಿತು. ಪರಮತದ ದೇವತೆಗಳನ್ನು ದ್ವೇಷಬುದ್ಧಿಯಿಂದ ಹಳಿಯುವುದನ್ನೂ ಕಾನೂನು ಅಪರಾಧವೆಂದೇ ಎಣಿಸಿದೆ. ಹೀಗೆ ನೊಂದವನಿಗೆ ಠಾಣೆಯ ಬಾಗಿಲೂ ನ್ಯಾಯಾಲಯದ ಬಾಗಿಲೂ ತೆರೆದಿರುವುವು. ಸ್ವಂತ ಮನಸ್ಸಿನಿಂದ ಮತವನ್ನು ಬದಲಾಯಿಸಿದವನನ್ನಾದರೋ ಸಂವಿಧಾನದ 25ನೆಯ ಅನುಚ್ಛೇದವು ಕಾಯುವುದು. ನೆರೆಯವನ ಮನೆಯನ್ನು ಸುಡುವ ಅಧಿಕಾರವನ್ನು ಯಾವ ಕಾನೂನೂ, ಯಾವ ಆಗಮವೂ ಕೊಟ್ಟಿಲ್ಲ.

ಇದು ದೂರದ ದೇಶದ ಕಥೆಯೆಂದು ಕನ್ನಡಿಗರು ಸುಮ್ಮನಿರುವ ಹಾಗಿಲ್ಲ. ಅದೇ 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿಯೂ ಕರ್ನಾಟಕದ ಇತರ ಕಡೆಗಳಲ್ಲಿಯೂ ಚರ್ಚುಗಳ ಮೇಲೆ, ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳು ನಡೆದವು. ಪ್ರತಿಭಟಿಸಿದವರ ಮೇಲೆ ಪೋಲೀಸರ ಲಾಠಿಯೂ ಬಿದ್ದಿತು. ಸರಕಾರವು ನೇಮಿಸಿದ ನ್ಯಾಯಮೂರ್ತಿ ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಕೊನೆಯ ವರದಿಯನ್ನು ಒಪ್ಪಿಸಿತಾದರೂ ಅದು ವಿವಾದವನ್ನು ಶಮನಗೊಳಿಸಲಿಲ್ಲ. ಅದೇ ಮಂಗಳೂರಿನಲ್ಲಿ 1843ರಲ್ಲಿ ಹರ್ಮನ್ ಮೋಗ್ಲಿಂಗ್ ಪಾದ್ರಿಯು ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದನು; 1894ರಲ್ಲಿ ಕಿಟ್ಟೆಲ್ ಪಾದ್ರಿಯ ಮಹಾನಿಘಂಟು ಅಲ್ಲಿಯೇ ಅಚ್ಚಾಯಿತು. ಬಸವಪುರಾಣವನ್ನು ಮೊದಲು ಇಂಗ್ಲಿಷಿಗೆ ತಂದವರಲ್ಲಿ ವುರ್ತ್ ಎಂಬ ಪಾದ್ರಿಯೂ ಒಬ್ಬನು. ಅವರ ಮತೋದ್ದೇಶವೇನೇ ಇರಲಿ, ಕನ್ನಡಕ್ಕೆ ಅವರು ಮಾಡಿದ ಸೇವೆಯು ಸುಳ್ಳಾಗದು.

ಶರಣಪರಂಪರೆಗೆ ಈ ವಿಷಯವು ಹೊಸದಲ್ಲ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಹುಟ್ಟಿನ ಕಟ್ಟನ್ನು ಮೀರಿ ಸಂಬಂಧವನ್ನು ಬೆಳೆಸಿದಾಗ ಬಿಜ್ಜಳನು ಒಂದು ಪಕ್ಷದ ಮಾತಿಗೆ ಕಿವಿಗೊಟ್ಟು ಅವರಿಗೆ ಘೋರದಂಡನೆಯನ್ನು ವಿಧಿಸಿದನೆಂದು ಪುರಾಣಗಳು ಸಾರುವುವು. ಆ ಮೇಲೆ ಕಲ್ಯಾಣವೂ ಉಳಿಯಲಿಲ್ಲ, ಬಿಜ್ಜಳನೂ ಉಳಿಯಲಿಲ್ಲ. ಆಳುವವನ ಪಕ್ಷಪಾತದ ಫಲವನ್ನು ಉಂಡ ಜನರ ಸಂತತಿಯವರು ಅನ್ಯರ ಮೇಲೆ ಅಂಥ ಪಕ್ಷಪಾತವು ನಡೆಯುವಾಗ ಮೌನವಾಗಿರುವುದು ಯುಕ್ತವೇ?

ಸರಕಾರದ ಹೊಣೆಯನ್ನು ಎಣಿಸಿದ ಮೇಲೆ ಭಕ್ತರ ಹೊಣೆಯೂ ಉಳಿಯುವುದು. ಕಂಧಮಾಲಿನಲ್ಲಿ ತಮ್ಮ ಪ್ರಾಣಕ್ಕೆ ಅಂಜದೆ ಕ್ರೈಸ್ತ ನೆರೆಯವರನ್ನು ಮನೆಯೊಳಗೆ ಅಡಗಿಸಿ ಕಾಪಾಡಿದ ಹಿಂದೂಗಳೂ ಇದ್ದರು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಆದರೆ ಧರ್ಮವು ಆ ದಿನಗಳಲ್ಲಿ ಆ ಜಿಲ್ಲೆಯಲ್ಲಿ ಉಳಿದುದು ಅವರ ಮನೆಗಳಲ್ಲಿ. ಗಾಳಿಮಾತನ್ನು ಕೇಳಿದೊಡನೆ ನಂಬದಿರುವುದು, ಊರಿನಲ್ಲಿ ಗುಂಪು ಕೂಡಿದರೆ ಹಿರಿಯರು ಮುಂದೆ ನಿಂತು ತಡೆಯುವುದು, ಕಣ್ಣಾರೆ ಕಂಡವರು ಸಾಕ್ಷಿ ನುಡಿಯಲು ಹಿಂಜರಿಯದಿರುವುದು, ಮತ ಕೇಳಲು ಬಂದವನನ್ನು ಈ ವಿಷಯವಾಗಿ ಮುಖಾಮುಖಿಯಾಗಿ ಪ್ರಶ್ನಿಸುವುದು, ಇವು ಭಕ್ತರ ಕೈಯಲ್ಲಿಯೇ ಇರುವ ಕೆಲಸಗಳು. ಕಾಯುವವನು ಮಲಗಿದಾಗ ಅವನನ್ನು ಎಬ್ಬಿಸುವುದು ಪ್ರಜೆಯ ಧರ್ಮವು. ಅವನು ಏಳುವ ತನಕ ನೆರೆಯವನ ಬಾಗಿಲಿನಲ್ಲಿ ನಿಲ್ಲುವುದು ಶರಣರ ಧರ್ಮವು.