ಹಿಟ್ಟು, ಬೆಟ್ಟ, ಬಳಲಿಕೆ

‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಂ’ ಎಂಬ ಗಾದೆಯನ್ನು ನಮ್ಮ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಹಿಟ್ಟೆಂದರೆ ರಾಗಿಯ ಮುದ್ದೆ. ಬೆಟ್ಟಗಳಿಗಂತೂ ಕೊರತೆಯಿಲ್ಲ, ಒಂದು ಕಡೆ ಬಿಳಿಗಿರಿರಂಗನದು, ಇನ್ನೊಂದು ಕಡೆ ಮಲೆಯ ಮಾದಪ್ಪನದು. ಉಂಡಷ್ಟೂ ಬಲ ಎಂದು ನಂಬಿದ ಇಂಥ ನಾಡಿನಲ್ಲಿ, ತೂಕ ಇಳಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನ ಪಾಡು ವಿಚಿತ್ರವಾದದ್ದು. ಆ ಪಾಡನ್ನು ಪಟ್ಟವನಾಗಿ ಕೇಳುಗರೊಡನೆ ನಾಲ್ಕು ಮಾತು ಹಂಚಿಕೊಳ್ಳುತ್ತೇನೆ.

ಸಕ್ಕರೆ ಕಾಯಿಲೆ, ಮಂಡಿನೋವುಗಳಿಂದ ಬೇಸತ್ತು, ವೈದ್ಯರ ಸಲಹೆಯಂತೆ ನಾನು ಮಾಡಿಸಿಕೊಂಡದ್ದು ‘ಸ್ಲೀವ್’ ಎಂಬ ಶಸ್ತ್ರಚಿಕಿತ್ಸೆ. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯಂಥ ಕೊಳವೆಯಾಗಿ ಹೊಲಿದುಬಿಡುತ್ತಾರೆ. ಮೊದಲ ವಾರಗಳಲ್ಲಿ ಅರ್ಧ ಲೋಟ ಮಜ್ಜಿಗೆಗೇ ಹೊಟ್ಟೆ ತುಂಬುತ್ತಿತ್ತು. ಬಚ್ಚಲಿಗೆ ಹೋಗಿ ಬರುವುದೇ ಬೆಟ್ಟ ಹತ್ತಿದಂತಾಗುತ್ತಿತ್ತು. ಕನ್ನಡದಲ್ಲಿ ಆಯಾಸ, ದಣಿವು, ಬಳಲಿಕೆ, ನಿತ್ರಾಣ ಎಂದು ಎಷ್ಟೋ ಮಾತುಗಳಿವೆ. ಪಾಠ ಹೇಳುವಾಗ ಅವನ್ನೆಲ್ಲ ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಬರೆಸುವುದುಂಟು. ದಣಿವು ದುಡಿಮೆಯಿಂದ ಬಂದದ್ದು, ಮಲಗಿದರೆ ಹೋಗುತ್ತದೆ. ನನ್ನದು ಮಲಗಿ ಎದ್ದ ಮೇಲೂ ಹೋಗದ ನಿತ್ರಾಣ.

ನೋಡಲು ಬಂದ ಹನೂರಿನ ಅಕ್ಕ, “ಒಂಚೂರು ಮುದ್ದೆ ಉಣ್ಣದಿದ್ರೆ ತ್ರಾಣ ಎಲ್ಲಿಂದ ಬಂದದು ಕಣಪ್ಪ?” ಎಂದಳು. ಪ್ರಶ್ನೆ ಸರಿಯಾದದ್ದೇ, ಉತ್ತರ ಮಾತ್ರ ಮುದ್ದೆಯಲ್ಲಿರಲಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಸೇರಬೇಕೆಂದು ವೈದ್ಯರು ಹೇಳುತ್ತಾರೆ. ಸೇರದಿದ್ದರೆ ದೇಹ ಕೊಬ್ಬಿನೊಡನೆ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತದೆ, ಕಾಲು ಸೋಲುತ್ತದೆ. 100 ಗ್ರಾಂ ರಾಗಿಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ. ಮುದ್ದೆಯಿಂದಲೇ ಆ ಲೆಕ್ಕ ತುಂಬಿಸಹೊರಟರೆ 800 ಗ್ರಾಂಗೂ ಮೇಲೆ ಹಿಟ್ಟು ಬೇಕು. ರೋಗಿಗೆ ಪಥ್ಯವೆಂದು ನಾವು ಕೊಡುವ ತೆಳುಗಂಜಿಯಂತೂ ಇನ್ನೂ ಬಡವು. ಆದ್ದರಿಂದ ಮೊಟ್ಟೆ, ಗಟ್ಟಿ ಮೊಸರು, ನುಣ್ಣಗೆ ಬೆಂದ ಹೆಸರುಬೇಳೆ ಮೊದಲು. ಮುದ್ದೆ ಆಮೇಲೆ, ನೆಲ್ಲಿಕಾಯಿಯಷ್ಟು. ಇದನ್ನು ತಿಳಿದ ಮೇಲೆ ಆ ನೆಲ್ಲಿಕಾಯಿ ಮುದ್ದೆಯನ್ನು ಅಕ್ಕನೇ ನಗುತ್ತ ಕಟ್ಟಿಕೊಟ್ಟಳು.

ನೀರನ್ನು ಊಟದೊಡನೆ ಕುಡಿಯದೆ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ನಡಿಗೆಯೂ ಹಾಗೆಯೇ: ಮೊದಲು ಅಂಗಳ, ಆಮೇಲೆ ಬೀದಿಯ ಒಂದು ದೀಪದ ಕಂಬದಿಂದ ಮುಂದಿನದಕ್ಕೆ. ಬಿ-12 ಜೀವಸತ್ವವನ್ನು ದೇಹಕ್ಕೆ ದಕ್ಕಿಸುವ ರಸಗಳು ಹುಟ್ಟುವುದು ಜಠರದಲ್ಲಿ. ಜಠರವೇ ಕಿರಿದಾದ ಮೇಲೆ ಗುಳಿಗೆಯೋ ಚುಚ್ಚುಮದ್ದೋ ಜೀವಮಾನವಿಡೀ ತಪ್ಪದು. ಕಬ್ಬಿಣದ ಗುಳಿಗೆ ನುಂಗಿದೊಡನೆ ಕಾಫಿ ಕುಡಿದರೆ ಅದು ಮೈಗೆ ಹತ್ತುವುದು ಕಡಮೆ. ನಮ್ಮ ಕಡೆಯವರಿಗೆ ಇದು ಕಠಿಣ ವ್ರತವೇ ಸರಿ.

ಎಲ್ಲ ನಿತ್ರಾಣವನ್ನೂ ಸಹಿಸಿಕೊಂಡು ಕೂರುವಂತಿಲ್ಲ. ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟರೆ, ತೂಕವಿಳಿದ ಮೈಗೆ ಹಿಂದಿನ ಸಕ್ಕರೆಯ, ರಕ್ತದೊತ್ತಡದ ಮಾತ್ರೆಗಳು ಹೆಚ್ಚಾಗಿರಬಹುದು. ವೈದ್ಯರನ್ನು ಕೇಳಿ ಅಳತೆ ಬದಲಿಸಿಕೊಳ್ಳಬೇಕು. ವಾಂತಿ ನಿಲ್ಲದೆ, ನಡಿಗೆ ತೂರಾಡಿ, ಒಂದು ಎರಡಾಗಿ ಕಂಡರೆ ಅದು ಬಿ-1 ಜೀವಸತ್ವದ ಕೊರತೆಯಿರಬಹುದು; ತಡಮಾಡಿದರೆ ಮಿದುಳಿಗೆ ಶಾಶ್ವತವಾದ ಹಾನಿ. ಹನೂರಿನಾಚೆಯ ಕಾಡಂಚಿನ ಹಳ್ಳಿಯವರು ಅಂಥ ರಾತ್ರಿ ಬೆಳಗಿನ ಬಸ್ಸಿಗೆ ಕಾಯದೆ ಹೊರಡತಕ್ಕದ್ದು.