ಪಟ್ಟದ ಪ್ರಶ್ನೆ ಮತ್ತು ರಜಿಯಾ ಸುಲ್ತಾನ



ಇತಿಹಾಸವೆಂದರೆ ರಾಜರ ಹೆಸರು ಮತ್ತು ಇಸವಿಗಳ ಪಟ್ಟಿ ಎಂದು ನಿಮ್ಮಲ್ಲಿ ಹಲವರು ತಿಳಿದಿರಬಹುದು. ಆದರೆ ಒಬ್ಬ ಅರಸ ಹೋಗಿ ಇನ್ನೊಬ್ಬ ಬರುವ ಹೊತ್ತಿನಲ್ಲೇ ರಾಜ್ಯದ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಬಯಲಾಗುತ್ತದೆ. ದೆಹಲಿಯ ಒಂದು ಉದಾಹರಣೆ ನೋಡೋಣ.

ಸುಲ್ತಾನ ಇಲ್ತಮಶ್‌ನ ಹಿರಿಯ ಮಗ 1229ರಲ್ಲಿ ತೀರಿಕೊಂಡ. ಉಳಿದ ಗಂಡುಮಕ್ಕಳಿಗಿಂತ ಮಗಳು ರಜಿಯಾಳೇ ಯೋಗ್ಯಳೆಂದು ತಂದೆ ಅವಳನ್ನು ಉತ್ತರಾಧಿಕಾರಿಯಾಗಿ ಹೆಸರಿಸಿದ. 1236ರಲ್ಲಿ ಅವನು ಮರಣ ಹೊಂದಿದಾಗ ಅಮೀರರು ಆ ಮಾತನ್ನು ಬದಿಗಿಟ್ಟು ಮಗ ರುಕ್ನುದ್ದೀನ್ ಫಿರೋಜ್‌ನಿಗೆ ಪಟ್ಟ ಕಟ್ಟಿದರು. ಏಳು ತಿಂಗಳೊಳಗೆ ಅವನು ಸಿಂಹಾಸನ ಕಳೆದುಕೊಂಡ, ರಜಿಯಾ ಸುಲ್ತಾನಳಾದಳು. 1240ರಲ್ಲಿ ಅವಳನ್ನೂ ಇಳಿಸಿದರು.

ಅವಳು ಹೆಣ್ಣಾದದ್ದೇ ಪತನಕ್ಕೆ ಕಾರಣ ಎಂದು ಹೇಳುವುದುಂಟು. ಹಾಗಾದರೆ ಈ ಲೆಕ್ಕವನ್ನು ಗಮನಿಸಿ. 1236ರಿಂದ 1246ರವರೆಗಿನ ಹತ್ತು ವರ್ಷಗಳಲ್ಲಿ ಅವಳಲ್ಲದೆ ಫಿರೋಜ್, ಬಹ್ರಾಮ್, ಮಸೂದ್ ಎಂಬ ಮೂವರು ಗಂಡಸರೂ ಪದಚ್ಯುತರಾದರು. ಪಟ್ಟ ಯಾರಿಗೆ ಸಲ್ಲಬೇಕೆಂಬುದಕ್ಕೆ ನಿಶ್ಚಿತ ನಿಯಮವಿರಲಿಲ್ಲ. ತುರ್ಕಿ ಅಮೀರರ ಬೆಂಬಲವಿದ್ದವರಿಗೆ ಸಿಂಹಾಸನ. ಅದು ತಪ್ಪಿದರೆ ಸೆರೆಮನೆ ಅಥವಾ ಸಾವು.

ಇನ್ನು ಈ ಕಥೆಯನ್ನು ಬರೆದವರತ್ತ ನೋಡೋಣ. ಮಿನ್ಹಾಜ್ ರಜಿಯಾಳ ಕಾಲದಲ್ಲೇ ಬಾಳಿದವನು. ದೆಹಲಿಯ ನಾಸಿರಿಯಾ ಮದರಸದ ಹೊಣೆಯನ್ನು ಅವಳ ಆಳ್ವಿಕೆಯಲ್ಲಿ ಹೊತ್ತವನು. 1260ರಲ್ಲಿ ಮುಗಿಸಿದ ಗ್ರಂಥದಲ್ಲಿ ಅವಳ ನ್ಯಾಯ, ವಿವೇಕ, ಯುದ್ಧಸಾಮರ್ಥ್ಯಗಳನ್ನು ಹೊಗಳುತ್ತಾನೆ. ಹೆಣ್ಣಾದ ಮೇಲೆ ಇವೆಲ್ಲ ಇದ್ದು ಏನು ಫಲ ಎಂದು ಮರುಗುತ್ತಾನೆ. ಅಶ್ವಶಾಲೆಯ ಮುಖ್ಯಸ್ಥನಾಗಿದ್ದ ಅಬಿಸೀನಿಯದ ಯಾಕೂತ್‌ನ ಏಳಿಗೆ ತುರ್ಕಿ ಅಮೀರರಿಗೆ ಸಹಿಸಲಿಲ್ಲ ಎನ್ನುತ್ತಾನೆ. ಅವಳ ನಡತೆಯ ಮೇಲೆ ಕಳಂಕ ಹೊರಿಸುವುದಿಲ್ಲ.

ಸುಮಾರು ತೊಂಬತ್ತು ವರ್ಷಗಳ ನಂತರ, 1350ರಲ್ಲಿ, ಇಸಾಮಿ ಎಂಬ ಕವಿ ಇದೇ ಕಥೆಯನ್ನು ಪದ್ಯದಲ್ಲಿ ಬರೆದ. ಅವನಿಗೆ ಆಶ್ರಯವಿತ್ತವನು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನ. ಇಸಾಮಿಯಲ್ಲಿ ಯಾಕೂತ್‌ನ ಹೆಸರಿನೊಂದಿಗೆ ಸಂಶಯದ ಮಾತು ಬೆಳೆಯಿತು. ಹೆಣ್ಣಿಗೆ ಮನೆಯೇ ಸರಿ ಎಂಬ ಬೋಧನೆಯೂ ಸೇರಿತು. 1983ರ ಹಿಂದಿ ಸಿನಿಮಾಕ್ಕೆ ಬರುವಷ್ಟರಲ್ಲಿ ಅದೊಂದು ಪ್ರೇಮಕಥೆಯೇ ಆಯಿತು.

ಹತ್ತಿರವಿದ್ದವನು ಹೇಳಿದ್ದೆಲ್ಲ ಸತ್ಯ ಎಂದಲ್ಲ. ಮಿನ್ಹಾಜ್ ಕೂಡ ಇನ್ನೊಬ್ಬ ಸುಲ್ತಾನನ ಆಸರೆಯಲ್ಲಿದ್ದು ಬರೆದವನೇ. ಆದ್ದರಿಂದ ವಿದ್ಯಾರ್ಥಿಗಳೇ, ಯಾವ ಪುಟ ತೆರೆದರೂ ಕೇಳಿ: ಬರೆದವರು ಯಾರು? ಯಾವಾಗ? ಯಾರ ಆಶ್ರಯದಲ್ಲಿ? ಕಣ್ಣಾರೆ ಕಂಡದ್ದೇ, ಕೇಳಿದ್ದೇ?

ಈ ಪ್ರಶ್ನೆಗಳು ಪರೀಕ್ಷೆಗೆ ಮಾತ್ರವಲ್ಲ. ಇಂದಿಗೂ ಹೆಣ್ಣುಮಗಳೊಬ್ಬಳು ಅಧಿಕಾರದ ಕುರ್ಚಿಯಲ್ಲಿ ಕುಳಿತರೆ, ಅವಳ ಕೆಲಸ ನೋಡುವ ಮೊದಲೇ ನಡತೆಯನ್ನು ಅಳೆಯುವವರಿದ್ದಾರೆ. ಅಂಥ ಮಾತು ಕಿವಿಗೆ ಬಿದ್ದಾಗ, ಅದನ್ನು ಮುಂದಕ್ಕೆ ಹೇಳುವ ಮುನ್ನ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇತಿಹಾಸ ಓದಿದ್ದು ಆಗ ಸಾರ್ಥಕವಾಗುತ್ತದೆ.