ಹುಕ್ಕಾ ಚಟಕ್ಕೂ ಅಳತೆಯಿದೆ

(ಜುಮಾ ಖುತ್ಬಾದ ಸಾರಾಂಶ)



ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ಯುವಕನೊಬ್ಬ ನಮಾಝ್ ಮುಗಿಸಿ ನಮ್ಮ ಬಳಿ ಕುಳಿತ. "ಉಸ್ತಾದ್, ಹುಕ್ಕಾ ಹರಾಮೋ, ಮಕ್ರೂಹೋ?" ಎಂದ. ಇದನ್ನು ಕೇಳುವ ಹೆಚ್ಚಿನವರಿಗೆ ಬೇಕಿರುವುದು ಉತ್ತರವಲ್ಲ, ರಿಯಾಯಿತಿ. ನಾವು, "ಬಿಡಲು ಆಗುತ್ತದೆಯೇ?" ಎಂದೆವು. "ಅದು ಚಟವಲ್ಲ ಉಸ್ತಾದ್. ವಾರಕ್ಕೆ ಎರಡು ಮೂರು ಸಲ, ಗೆಳೆಯರ ಜೊತೆ. ಬೇಕೆಂದಾಗ ಬಿಡಬಹುದು."

ಈ ಮಾತನ್ನು ಅಳೆದು ನೋಡಬಹುದು. ಸಿಗರೇಟು ಸೇದುವವರನ್ನು ವೈದ್ಯರು ಕೇಳುವುದು, ಬೆಳಿಗ್ಗೆ ಎದ್ದು ಎಷ್ಟು ನಿಮಿಷಕ್ಕೆ ಮೊದಲ ಸಿಗರೇಟು ಎಂದು. ಹುಕ್ಕಾದವರಿಗೆ ಈ ಪ್ರಶ್ನೆ ಅಷ್ಟಾಗಿ ಹೊಂದುವುದಿಲ್ಲ. ಅವರಲ್ಲಿ ಅನೇಕರು ಕೂರುವುದೇ ಸಂಜೆಗೆ. ಕೂತರೆ ಗಂಟೆ ಕಳೆಯುತ್ತದೆ. ಅದಕ್ಕಾಗಿ ಹುಕ್ಕಾ ಬಳಕೆ ಹೆಚ್ಚಿರುವ ಲೆಬನಾನಿನ ಸಂಶೋಧಕರು 2008ರಲ್ಲಿ 11 ಪ್ರಶ್ನೆಗಳ ಅಳತೆಯೊಂದನ್ನು ಪ್ರಕಟಿಸಿದರು. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 33. 10 ದಾಟಿದರೆ ಚಟ ಅಂಟಿದೆ ಎಂದೇ ಲೆಕ್ಕ.

ಪ್ರಶ್ನೆಗಳು ನೋಡಿ: ಹುಕ್ಕಾ ಇಲ್ಲದೆ ಎಷ್ಟು ದಿನ ಇರಬಲ್ಲಿರಿ? ಆದಾಯದ ಎಷ್ಟು ಪಾಲು ಅದಕ್ಕೆ ಕೊಡುತ್ತೀರಿ? ಒಬ್ಬರೇ ಇದ್ದಾಗಲೂ ಸೇದುತ್ತೀರಾ? ನರ ಸಡಿಲಾಗಲೆಂದು ಸೇದುತ್ತೀರಾ? ಹುಕ್ಕಾಕ್ಕಾಗಿ ಊಟ ಬಿಡುತ್ತೀರಾ? ಕಾಯಿಲೆ ಜೋರಾಗಿದ್ದಾಗಲೂ ಸೇದುತ್ತೀರಾ?

ಸಹೋದರರೇ, ಇದನ್ನೇ ಅಲ್ಲವೇ ನಾವು ಮುಹಾಸಬ ಎನ್ನುವುದು? ನಮ್ಮ ಲೆಕ್ಕ ನಾವೇ ನೋಡಿಕೊಳ್ಳುವುದು. ರಮಝಾನ್ ಕೂಡ ಒಂದು ಅಳತೆ. ಅಸರ್ ಕಳೆದ ಮೇಲೆ ಮನಸ್ಸು ನೀರನ್ನು ನೆನೆಯುತ್ತದೋ ಹೊಗೆಯನ್ನೋ? ಇಫ್ತಾರ್ ಆದೊಡನೆ ಕಾಲು ಮಗ್ರಿಬ್‌ನ ಸಫ್ ಕಡೆಗೋ, ಗೆಳೆಯರ ಕೋಣೆಯ ಕಡೆಗೋ?

ನೀರಿನಲ್ಲಿ ಹಾದು ಬಂದ ಹೊಗೆ ಶುದ್ಧ ಎಂಬ ಮಾತೂ ಇದೆ. ನೀರು ಹೊಗೆಯನ್ನು ತಣ್ಣಗಾಗಿಸುತ್ತದೆ ಅಷ್ಟೆ. ನಿಕೋಟಿನ್ ಉಳಿಯುತ್ತದೆ, ಕೆಂಡದ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಹೋಗುತ್ತದೆ. ಸೇಬಿನ ಪರಿಮಳ ಮಾಡುವ ಕೆಲಸವೇ ಬೇರೆ. ಆ ವಾಸನೆ, ಆ ಗುಳುಗುಳು ಸದ್ದು, ಆ ಗೆಳೆಯರು, ಇವು ಕೂಡಿದರೆ ತಿಂಗಳ ಹಿಂದೆ ಬಿಟ್ಟವನಿಗೂ ತುಡಿತ ಏಳಬಹುದು. ಬಿಟ್ಟವನನ್ನು ಮತ್ತೆ ಅದೇ ಮಜ್ಲಿಸಿಗೆ ಕರೆಯುವವರು ಇದನ್ನು ಯೋಚಿಸಲಿ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಹುಕ್ಕಾ ನಿಷೇಧ ಇದೆ ಎಂಬುದೂ ನೆನಪಿರಲಿ.

ನಮ್ಮ ಕೈಯಾರೆ ನಮ್ಮನ್ನು ನಾಶಕ್ಕೆ ತಳ್ಳಬಾರದೆಂಬ ಅಲ್ಲಾಹನ ಆದೇಶ ನಮಗೆ ಗೊತ್ತು. ಮಕ್ರೂಹ್ ಎಂಬ ಶಬ್ದವನ್ನು ಪರವಾನಗಿಯಂತೆ ಜೇಬಿನಲ್ಲಿಟ್ಟುಕೊಳ್ಳಲು ಬಿಟ್ಟದ್ದರಲ್ಲಿ ನಮ್ಮಂಥ ಉಸ್ತಾದರ ತಪ್ಪೂ ಇದೆ.

ಆ ಯುವಕನಿಗೆ ನಾವು ಪ್ರಶ್ನೆಗಳನ್ನು ಒಂದೊಂದಾಗಿ ಹೇಳಿದೆವು. ನಗುತ್ತಲೇ ಉತ್ತರಿಸುತ್ತಿದ್ದ. ಕಾಯಿಲೆಯ ಪ್ರಶ್ನೆ ಬಂದಾಗ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, "ಜ್ವರದಲ್ಲಿ ಊಟ ಸೇರುತ್ತಿರಲಿಲ್ಲ ಉಸ್ತಾದ್, ಅದು ಮಾತ್ರ ಸೇರುತ್ತಿತ್ತು" ಎಂದ. ತಂಬಾಕು ಬಿಡುವವರಿಗಾಗಿ ಇರುವ ಸರಕಾರದ ಉಚಿತ ಸಂಖ್ಯೆ 1800112356 ಅನ್ನು ಬರೆದುಕೊಟ್ಟೆವು. ಅವನು ಚೀಟಿ ಪಡೆದು, ದುಆ ಮಾಡಿ ಎಂದು ಹೇಳಿ ಎದ್ದ.